ಎಂಟು ಹೆಂಗಸರು ಮತ್ತು ಒಬ್ಬ ವ್ಯಾನ್ ಬೀಕ್

ಅರವತ್ತೊಂದನೆಯ ದಿನ ನನಗೆ ಕೆಲಸ ಸಿಕ್ಕಿತು. ಸಂಬಳವಿಲ್ಲ, ಕಿಟಕಿಯಿಲ್ಲ, ಕೂರಲು ಕೊಟ್ಟ ಕುರ್ಚಿಗೆ ಒಂದು ಕಾಲು ಗಿಡ್ಡ. ಆದರೂ ಡೈರಿಯಲ್ಲಿ ಆ ದಿನದ ಕೆಳಗೆ ಎರಡು ಗೆರೆ ಎಳೆದೆ.

ಈ ದಿನಗಳ ಎಣಿಕೆ ನಾನು ಶುರುಮಾಡಿದ್ದಲ್ಲ, ಅಮೆರಿಕ ಸರ್ಕಾರದ್ದು. ವಿದ್ಯಾರ್ಥಿ ವೀಸಾದಲ್ಲಿ ಬಂದು ಓದು ಮುಗಿಸಿದವರು ಒಂದು ವರ್ಷ ಇಲ್ಲಿ ಕೆಲಸ ಮಾಡಬಹುದು. ಆ ವರ್ಷದಲ್ಲಿ ತೊಂಬತ್ತು ದಿನಕ್ಕಿಂತ ಹೆಚ್ಚು ಕೆಲಸವಿಲ್ಲದೆ ಕುಳಿತರೆ ಗಂಟುಮೂಟೆ ಕಟ್ಟಬೇಕು. ನಾನು ಓದಿದ್ದು ಗ್ರಂಥಾಲಯ ವಿಜ್ಞಾನ, ಅದರಲ್ಲೂ ಹಳೆಯ ದಾಖಲೆಗಳನ್ನು ಕಾಯುವ ವಿದ್ಯೆ. ಜರ್ಸಿ ಸಿಟಿಯ ಒಂದು ಬ್ಯಾಂಕಿನ ದಾಖಲೆ ವಿಭಾಗದಲ್ಲಿ 2009ರ ಜೂನ್‌ನಲ್ಲಿ ಸೇರಬೇಕಿತ್ತು. ಮೇ ತಿಂಗಳಲ್ಲಿ ಆ ವಿಭಾಗವೇ ಇಲ್ಲವಾಯಿತು. ವಿಷಾದಿಸುತ್ತೇವೆ ಎಂದು ಒಂದು ಇಮೇಲ್ ಬಂತು. ಅದಕ್ಕೆ ಥ್ಯಾಂಕ್ಯೂ ಎಂದು ಉತ್ತರ ಬರೆದವಳು ನಾನು. ರಾಂಗ್ ನಂಬರ್ ಬಂದರೂ ಅವರು ಹೇಳುವುದನ್ನೆಲ್ಲ ಪೂರ್ತಿ ಕೇಳಿ ಆಮೇಲೆ ಫೋನ್ ಇಡುವ ಜಾತಿ ನನ್ನದು.

ಉಳಿದುಕೊಂಡದ್ದು ಸೇಸಪ್ಪ ಮಾವನ ಮೋಟೆಲಿನಲ್ಲಿ. ಮಾವನೆಂದರೆ ಅಮ್ಮನ ಅಣ್ಣ. ಮೋಟೆಲಿನ ಹೆಸರು ರಾರಿಟನ್ ವ್ಯೂ ಇನ್. ರಾರಿಟನ್ ನದಿ ಅಲ್ಲಿಂದ ಮೂರು ಮೈಲು. ಕಿಟಕಿಯಿಂದ ಕಾಣುವುದು ಹೈವೇ, ಅದರಾಚೆ ಬಾಗಿಲು ಹಾಕಿದ ಒಂದು ಕಾರ್ ಶೋರೂಮ್. ಆ ಬೇಸಿಗೆಯಲ್ಲಿ ಪ್ರವಾಸಿಗಳು ಯಾರೂ ಇರಲಿಲ್ಲ. ನನ್ನ ಪಕ್ಕದ ಕೋಣೆಯಲ್ಲಿ ಬ್ಯಾಂಕು ಮನೆ ಕಿತ್ತುಕೊಂಡಿದ್ದ ಒಂದು ಸಂಸಾರವಿತ್ತು. ಹುಲ್ಲು ಕತ್ತರಿಸುವ ಯಂತ್ರವನ್ನು ಬಿಟ್ಟು ಬರಲಾರದೆ ಅದನ್ನೂ ಕೋಣೆಯೊಳಗೆ ಇಟ್ಟುಕೊಂಡಿದ್ದರು. ಗುಲಾಬಿ ಅತ್ತೆ ಬೆಳಗಿನ ತಿಂಡಿಗೆ ಎಲ್ಲರಿಗೂ ನೀರ್ ದೋಸೆ ಹಾಕುತ್ತಿದ್ದಳು. ಅತ್ತೆ ಶಿವಮೊಗ್ಗದಲ್ಲಿ ಬೆಳೆದವಳು, ತುಳು ಅವಳಿಗೆ ಅರ್ಧಂಬರ್ಧ. ಹಾಗಾಗಿ ಆ ಮನೆಯಲ್ಲಿ ಜಗಳವೆಲ್ಲ ಕನ್ನಡದಲ್ಲೇ.

ಕೆಲಸ ಕೊಡಿಸಿದ್ದೂ ಮಾವನೇ. ಹೆನ್ರಿ ಹಡ್ಸನ್ ಡಚ್ಚರ ಹಡಗಿನಲ್ಲಿ ಇಲ್ಲಿಗೆ ಬಂದು ಆ ಸೆಪ್ಟೆಂಬರ್‌ಗೆ ನಾನೂರು ವರ್ಷ. ಊರೂರಲ್ಲಿ ಅದರ ಸಂಭ್ರಮ. ಈ ಭಾಗದಲ್ಲಿ ಮೊದಲು ನೆಲೆಸಿದ ಡಚ್ಚರ ವಂಶಸ್ಥರು ಕಟ್ಟಿಕೊಂಡ ಪ್ರಥಮ ವಸಾಹತು ಕುಟುಂಬಗಳ ಸಂಘದವರು ತಮ್ಮ ಔತಣಕ್ಕೆ ಮಾವನ ಹಾಲ್ ನೋಡಲು ಬಂದಿದ್ದರು. ಸಂಘದ ಅಧ್ಯಕ್ಷ ವಾರೆನ್ ವ್ಯಾನ್ ಬೀಕ್, ಎಪ್ಪತ್ತನಾಲ್ಕು ವರ್ಷ, ಆಗಸ್ಟ್ ಬಿಸಿಲಿನಲ್ಲೂ ಕೋಟು. ತನ್ನ ವಂಶಾವಳಿಗೆ ಸರಿಯಾದ ದಾಖಲೆ ಜೋಡಿಸಿಕೊಡುವವರು ಬೇಕು ಎಂದು ಅವರು ಹೇಳುವುದಕ್ಕೂ ಮಾವ ನನ್ನ ಕೋಣೆಯ ಬಾಗಿಲು ತಟ್ಟುವುದಕ್ಕೂ ಒಂದು ನಿಮಿಷದ ಅಂತರವೂ ಇರಲಿಲ್ಲ.

ಸಂಬಳವಿಲ್ಲದಿದ್ದರೂ ವೀಸಾಕ್ಕೆ ನಡೆಯುತ್ತದೆ. ವಾರಕ್ಕೆ ಇಪ್ಪತ್ತು ಗಂಟೆ, ಓದಿಗೆ ಸಂಬಂಧಿಸಿದ ಕೆಲಸ, ಅಷ್ಟಿದ್ದರೆ ಸಾಕು. ಆದರೆ ಇಂಥವಳು ಇಂಥಲ್ಲಿ ಕೆಲಸ ಮಾಡುತ್ತಿದ್ದಾಳೆ ಎಂದು ಸಂಸ್ಥೆಯವರು ಸಹಿ ಹಾಕಿದ ಪತ್ರ ವಿಶ್ವವಿದ್ಯಾಲಯಕ್ಕೆ ತಲುಪಬೇಕು. ಅದು ತಲುಪುವವರೆಗೆ ದಿನಗಳು ಉರುಳುತ್ತಲೇ ಇರುತ್ತವೆ. ಮೊದಲು ವಂಶಾವಳಿ, ಆಮೇಲೆ ಪತ್ರ ಎಂದರು ವಾರೆನ್. ತಮ್ಮ ಜನನ ಪತ್ರವಿದ್ದ ಒಂದು ಫೈಲು ಕೈಗಿಟ್ಟು, 'ನನ್ನ ಸಾಲು ಹಿಡಿದು ಎಷ್ಟು ಹಿಂದೆ ಹೋಗಬಹುದೋ ಅಷ್ಟೂ ಹೋಗು, ಮಿಸ್ ಅಮಿತಾ. ಪ್ರತಿ ಕೊಂಡಿಗೂ ದಾಖಲೆ ಬೇಕು,' ಎಂದರು.

ಯಾವ ಸಾಲು ಎಂದು ನಾನು ಕೇಳಲಿಲ್ಲ. ಕೇಳಬೇಕು ಎಂದು ಹೊಳೆಯಲೂ ಇಲ್ಲ.

ತುಳುನಾಡಿನ ನಮ್ಮ ಜನರಲ್ಲಿ ಬರಿ ಎಂಬುದೊಂದಿದೆ. ಗೋತ್ರದ ಹಾಗೆ, ಒಂದೇ ಬರಿಯವರು ಮದುವೆಯಾಗುವಂತಿಲ್ಲ. ಅದು ಬರುವುದು ತಾಯಿಯಿಂದ, ತಾಯಿಗೆ ಅವಳ ತಾಯಿಯಿಂದ. ಅಪ್ಪ ಒಳ್ಳೆಯವನು, ಪ್ರೀತಿಯವನು, ಫೀಸು ಕಟ್ಟುವವನು. ಆದರೆ ಬೇರೆ ಬರಿಯವನು, ಲೆಕ್ಕಕ್ಕೆ ನೆಂಟ. ಹಿರಿತನವೇನಿದ್ದರೂ ಮಾವನದು. ಮನೆಯ ಸಾಲು ಎಂದರೆ ನನ್ನ ಕಿವಿಗೆ ಚಿಕ್ಕಂದಿನಿಂದ ಬಿದ್ದದ್ದು ಹೆಂಗಸರ ಸಾಲು. ಸಾಲದ್ದಕ್ಕೆ ಸಂಘದ ಗೋಡೆಯ ಮೇಲೆ ಚಿನ್ನದ ಬಣ್ಣದ ಚೌಕಟ್ಟಿನಲ್ಲಿ ವ್ಯಾನ್ ಬೀಕ್ ಗಂಡಸರು ಹನ್ನೊಂದು ತಲೆಮಾರು ಆಗಲೇ ತೂಗುತ್ತಿದ್ದರು. ಅಪ್ಪಂದಿರ ಪಟ್ಟಿ ಮುಗಿದಿದೆ, ಅಸಲು ಕೆಲಸವನ್ನು ನನಗೆ ಬಿಟ್ಟಿದ್ದಾರೆ ಎಂದುಕೊಂಡೆ. ಓದಿದವಳನ್ನೇ ಹುಡುಕಿದ್ದು ಅದಕ್ಕಾಗಿ ಎಂದು ಸ್ವಲ್ಪ ಉಬ್ಬಿಯೂ ಉಬ್ಬಿದೆ.

ಕೆಲಸ ಸುಲಭವಿರಲಿಲ್ಲ. ಗಂಡಸರು ಕಾಗದದಲ್ಲಿ ಹುಟ್ಟಿ, ಅದೇ ಹೆಸರಿನಲ್ಲಿ ಭೂಮಿ ಕೊಂಡು, ಅದೇ ಹೆಸರಿನಲ್ಲಿ ಸಾಯುತ್ತಾರೆ. ಹೆಂಗಸರು ಮದುವೆಯ ಬಾಗಿಲು ದಾಟಿದ್ದೇ ಮಾಯ. ವಾರೆನ್ನರ ತಾಯಿ ಡೊರೊಥಿ, ಅವಳ ತಾಯಿ ಏಡಾ, ಅವಳ ತಾಯಿ ಮಾರ್ಥಾ. ಒಬ್ಬೊಬ್ಬಳನ್ನೂ ಗೋರಿಕಲ್ಲು, ಜನಗಣತಿಯ ಹಾಳೆ, ಯಾರೋ ಸಾಯುವಾಗ ಬರೆಸಿದ ವಿಲ್ಲುಗಳಿಂದ ಎಳೆದು ತೆಗೆಯಬೇಕು. ಒಂದು ವಿಲ್ಲಿನಲ್ಲಿ, ಮಗಳು ಜೇನ್‌ಗೆ ಗರಿಯ ಹಾಸಿಗೆ ಮತ್ತು ಒದೆಯದ ಹಸು ಎಂದಿತ್ತು. ಆ ಹಸುವಿನಿಂದ ನನಗೆ ಒಂದು ತಲೆಮಾರು ಸಿಕ್ಕಿತು. ಇನ್ನೂ ಹಿಂದೆ ಡಚ್ ಚರ್ಚಿನ ಪುಸ್ತಕಗಳು ಕೈ ಹಿಡಿದವು. ಆ ಪಾದ್ರಿಗಳು ಮದುವೆಯಾದ ಮೇಲೂ ಹೆಂಗಸರನ್ನು ತವರಿನ ಹೆಸರಿನಲ್ಲೇ ಬರೆಯುತ್ತಿದ್ದರು. ಪುಣ್ಯಾತ್ಮರು.

ಆ ಪುಸ್ತಕಗಳ ಮೈಕ್ರೋಫಿಲ್ಮ್ ನೋಡಲು ಮಾವನ ವ್ಯಾನಿನಲ್ಲಿ ಟ್ರೆಂಟನ್‌ನ ಸರ್ಕಾರಿ ದಾಖಲೆ ಕೇಂದ್ರಕ್ಕೆ ಡ್ರೈವ್ ಮಾಡುತ್ತಿದ್ದೆ. ವ್ಯಾನಿನ ಎರಡೂ ಮಗ್ಗುಲಲ್ಲಿ 'ಬಿಸಿ ತಿಂಡಿ ಉಚಿತ' ಎಂದು ಬರೆಸಿದ್ದರು. ಸಿಗ್ನಲ್ಲಿನಲ್ಲಿ ಒಮ್ಮೆ ಒಬ್ಬ ಕಿಟಕಿ ತಟ್ಟಿ ಏನಿದೆ ಎಂದು ಕೇಳಿದ್ದ.

ಕೆಲಸದ ಹದಿನಾರನೆಯ ದಿನ, ಅಂದರೆ ನನ್ನ ಎಪ್ಪತ್ತಾರನೆಯ ದಿನ, ಎಂಟನೆಯ ಹೆಂಗಸು ಸಿಕ್ಕಳು. 1757ರಲ್ಲಿ ದೀಕ್ಷಾಸ್ನಾನವಾದ ಲೇಯಾ ಎಂಬ ಕೂಸಿನ ತಾಯಿ ಮಾರಿಯಾ. ಅದಕ್ಕೂ ಆರು ವರ್ಷ ಹಿಂದಿನ ಪುಟದಲ್ಲಿ ಅದೇ ಮಾರಿಯಾಳ ಸ್ವಂತ ದೀಕ್ಷಾಸ್ನಾನ, ಬೆಳೆದ ಹೆಂಗಸಾಗಿ. ತಂದೆ ತಾಯಿಯ ಹೆಸರಿನ ಜಾಗ ಖಾಲಿ. ಪಕ್ಕದಲ್ಲಿ ಪಾದ್ರಿ ಒಂದೇ ಮಾತು ಗೀಚಿದ್ದ, ವಿಲ್ಡಿನ್. ಕಾಡಿನವಳು. ಇಲ್ಲಿ ಮೊದಲಿನಿಂದ ಇದ್ದ ಜನರನ್ನು ಡಚ್ಚರು ಕರೆಯುತ್ತಿದ್ದದ್ದು ಹಾಗೆ.

ಫಿಲ್ಮ್ ಕೊಡುವ ಮೇಜಿನಲ್ಲಿದ್ದವಳು ಲೊರೇನ್, ಐವತ್ತರ ಆಸುಪಾಸಿನ ಹೆಂಗಸು. ದಕ್ಷಿಣ ಜರ್ಸಿಯ ಮೂಲನಿವಾಸಿಗಳಾದ ಲೆನಾಪೆ ಸಮುದಾಯದವಳು ಎಂದು ಗೊತ್ತಾದದ್ದು ಆವತ್ತೇ. ಆ ಪುಟದ ಪ್ರತಿ ಬೇಕೆಂದು ಚೀಟಿ ಕೊಟ್ಟಾಗ ಅವಳು ಕನ್ನಡಕದ ಮೇಲಿಂದ ನೋಡಿ, ರಾಜಕುಮಾರಿಯಾ ಎಂದು ಕೇಳಿದಳು. ಅಲ್ಲ, ಹೆಸರು ಮಾತ್ರ ಇದೆ ಎಂದೆ.

'ಒಳ್ಳೆಯದಾಯಿತು. ತಿಂಗಳಿಗೆ ಇಬ್ಬರಾದರೂ ಬರುತ್ತಾರೆ, ಎಲ್ಲರ ಮುತ್ತಜ್ಜಿಯೂ ರಾಜಕುಮಾರಿಯೇ. ನಮ್ಮಲ್ಲಿ ರಾಜರೇ ಇರಲಿಲ್ಲ. ಇವರ ಲೆಕ್ಕದಲ್ಲಿ ಜೋಳ ಕುಟ್ಟುವವರು ಒಬ್ಬರೂ ಇರಲಿಲ್ಲ ಅಂತ ಕಾಣುತ್ತದೆ.'

ಪಟ್ಟಿ ತೋರಿಸಿ, ಯಾರಿಗಾಗಿ ಎಂದೂ ಹೇಳಿದೆ. ಡೊರೊಥಿಯಿಂದ ಮಾರಿಯಾವರೆಗೆ ಬೆರಳಿಟ್ಟು ಓದಿದಳು. ಬರೀ ತಾಯಂದಿರನ್ನೇ ಯಾಕೆ ಹಿಡಿದೆ ಎಂದಳು. ಲೆನಾಪೆಯವರಲ್ಲಿ ಆಮೆ, ತೋಳ, ಟರ್ಕಿ ಕೋಳಿ ಎಂದು ಮೂರು ಕುಲ, ಕುಲ ಬರುವುದು ತಾಯಿಯಿಂದ, ಬಿಳಿಯರು ಯಾರೂ ಹೀಗೆ ಹುಡುಕಿಕೊಂಡು ಬರುವುದಿಲ್ಲ ಎಂದಳು.

'ನಮ್ಮಲ್ಲೂ ಹಾಗೇ,' ಎಂದೆ. ಆ ಕೋಣೆಯಲ್ಲಿ 'ಪ್ಲೀಸ್' ಬಿಟ್ಟು ನಾನಾಗಿ ಆಡಿದ ಮೊದಲ ಮಾತು ಅದು.

ಲೊರೇನ್ ಪಟ್ಟಿಯನ್ನು ನನ್ನ ಕಡೆ ಸರಿಸಿದಳು. ಆಮೇಲೆ ಹೇಳಿದಳು: 'ಹಾಗಂತ ನಿನ್ನ ಮುದುಕ ನಮ್ಮವನಾಗಲಿಲ್ಲ. ನಮ್ಮಲ್ಲಿ ಯಾರ ಹೆಸರಾದರೂ ಅವನಿಗೆ ಗೊತ್ತಾ? ಯಾರ ಸಾವಿಗಾದರೂ ಬಂದಿದ್ದನಾ?'

ಎಪ್ಪತ್ತೊಂಬತ್ತನೆಯ ದಿನ ಸಂಘದ ಕಚೇರಿಯಲ್ಲಿ ಹಾಳೆ ಬಿಡಿಸಿದೆ. ನಾಲ್ಕು ಅಡಿ ಉದ್ದ, ಎಂಟು ಹೆಸರು, ಹತ್ತೊಂಬತ್ತು ದಾಖಲೆಗಳ ಪ್ರತಿ. ಕೊನೆಯಲ್ಲಿ ವಾರೆನ್. ಅವರು ಕೆಳಗಿನಿಂದ ಮೇಲಕ್ಕೆ ಓದಿದರು, ಮೇಲಿನಿಂದ ಕೆಳಕ್ಕೆ ಓದಿದರು, ಹಾಳೆಯನ್ನು ತಿರುಗಿಸಿ ಹಿಂಬದಿಯನ್ನೂ ನೋಡಿದರು.

'ನನ್ನ ಕುಟುಂಬ ಎಲ್ಲಿದೆ?'

ನಾನು ಹಾಳೆಯ ಕಡೆ ಬೆರಳು ತೋರಿಸಿದೆ.

'ಇವರೆಲ್ಲ ಹೆಂಡತಿಯರು,' ಎಂದರು ವಾರೆನ್.

ಆಗ ನನಗೆ ಅರ್ಥವಾಯಿತು. ಹದಿನೆಂಟು ದಿನ ಒಬ್ಬ ಡಚ್ ಮುದುಕನ ಬರಿ ಹುಡುಕಿದ್ದೆ, ಅವನಿಗೆ ಸೋದರಿಕೆಯಲ್ಲಿ ಹೆಣ್ಣು ನೋಡುವವಳ ಹಾಗೆ. ಅವರಿಗೆ ಬೇಕಾಗಿದ್ದದ್ದು ಗೋಡೆಯ ಮೇಲಿದ್ದ ಅದೇ ಹನ್ನೊಂದು ಗಂಡಸರ ದಾಖಲೆ. ಕ್ಷಮಿಸಿ ಎಂದು ಹಾಳೆ ಮಡಚಲು ಹೋದೆ. ಅಷ್ಟರಲ್ಲಿ ಅವರ ಕಣ್ಣು ಮಾರಿಯಾಳ ಪಕ್ಕದ ಟಿಪ್ಪಣಿಯ ಮೇಲೆ ನಿಂತಿತು. ಇದೇನು ಎಂದರು. ಹೇಳಿದೆ. ಇನ್ನೊಮ್ಮೆ ಹೇಳು ಎಂದರು. ಹೇಳಿದೆ.

ಕೂಗಾಡುತ್ತಾರೆ, ಹಾಳೆ ಹರಿಯುತ್ತಾರೆ ಎಂದು ಕಾದೆ. ಅವರು ನಿಧಾನಕ್ಕೆ ಕುಳಿತರು. ಮುಖದ ಮೇಲೆ ಲಾಟರಿ ಹೊಡೆದವನ ಕಳೆ.

'ಅಂದರೆ ನಾವು ಇಲ್ಲಿಗೆ ಬಂದವರು ಮಾತ್ರ ಅಲ್ಲ,' ಎಂದರು. 'ಬಂದವರನ್ನು ಸ್ವಾಗತಿಸಿದವರೂ ನಾವೇ.'

ಆಮೇಲೆ ಎಲ್ಲವೂ ಬಿಚ್ಚಿಕೊಂಡಿತು. ಕೌಂಟಿಯ ಉತ್ಸವ ಸಮಿತಿಯವರು ಔತಣದ ಮುಖ್ಯ ಮೇಜಿನಲ್ಲಿ ಲೆನಾಪೆಯವರೊಬ್ಬರು ಇರಲೇಬೇಕು ಎಂದು ಷರತ್ತು ಹಾಕಿದ್ದರಂತೆ. ಸಂಘಕ್ಕೆ ಇದು ಮುಜುಗರ. ಬಂದವರು ಏನು ಮಾತಾಡುತ್ತಾರೋ, ಯಾವ ಭೂಮಿಯ ವಿಚಾರ ತೆಗೆಯುತ್ತಾರೋ. ಸಮಿತಿಯ ಎರಡು ಪತ್ರಗಳಿಗೆ ವಾರೆನ್ ಉತ್ತರವನ್ನೇ ಕೊಟ್ಟಿರಲಿಲ್ಲ. ಈಗ ಯಾರನ್ನೂ ಕರೆಯುವ ಅಗತ್ಯವಿಲ್ಲ, ಆ ಕುರ್ಚಿಯಲ್ಲಿ ತಾವೇ ಕೂರಬಹುದು ಎಂದರು. ಒಂದೇ ಕೊರತೆ, ಬರೀ ಮಾರಿಯಾ ಎಂದರೆ ಸಪ್ಪೆ. ತಂದೆಯ ಜಾಗ ಖಾಲಿ ಇದೆಯಲ್ಲ, ಮುಖ್ಯಸ್ಥನ ಮಗಳಾಗಿರಬಾರದೇಕೆ? ಅಲ್ಲ ಎನ್ನಲು ದಾಖಲೆ ಎಲ್ಲಿದೆ? ಹಾಗೆ ಬರೆದು ಕೆಳಗೆ ಸಂಶೋಧಕಿ ಎಂದು ನಾನು ಸಹಿ ಮಾಡಿದರೆ ಸಾಕು, ನನ್ನ ಪತ್ರಕ್ಕೆ ಆ ಕ್ಷಣವೇ ಅವರ ಸಹಿ. ಬುಧವಾರ ಊಟದ ರುಚಿ ನೋಡಲು ಮಾವನಲ್ಲಿಗೆ ಬರುವಾಗ ಎರಡೂ ಕಾಗದ ತರುತ್ತೇನೆ ಎಂದರು.

ಮನೆಯಲ್ಲಿ ಹೇಳಿದಾಗ ಮಾವನಿಗೆ ಇದರಲ್ಲಿ ತಲೆಬಿಸಿ ಮಾಡಿಕೊಳ್ಳುವುದು ಏನಿದೆ ಎಂಬುದೇ ತಿಳಿಯಲಿಲ್ಲ.

'ಬರೆದು ಕೊಡು ಮಾರಾಯ್ತಿ. ಸತ್ತವಳಿಗೆ ಎಂತ ನಷ್ಟ? ನಮ್ಮ ಮನೆಯಲ್ಲೂ ಹೇಳ್ತಾರಲ್ಲ, ನಾವು ಅರಮನೆಯ ದಂಡಿನಲ್ಲಿ ಇದ್ದವರು ಅಂತ.'

'ಯಾರು ಹೇಳ್ತಾರೆ? ನೀವೇ ಹೇಳೋದು,' ಎಂದಳು ಅತ್ತೆ. 'ನಿಮ್ಮ ಅಜ್ಜ ತಾಳೆಮರ ಹತ್ತಿ ಕಳ್ಳು ಇಳಿಸ್ತಾ ಇದ್ರು. ಹತ್ತು ಊರಲ್ಲಿ ಅವರದ್ದೇ ಒಳ್ಳೆ ಕಳ್ಳು ಅಂತ ಹೆಸರು. ಅದನ್ನು ಹೇಳ್ಲಿಕ್ಕೆ ಎಂತ ನಾಚಿಕೆ ನಿಮಗೆ? ಆ ದಂಡಿನ ಹೆಸರಾದ್ರೂ ಗೊತ್ತುಂಟಾ?'

ಮಾವ ದೋಸೆಯ ತಟ್ಟೆಯ ಕಡೆ ಗಮನ ಹರಿಸಿದರು. ಆಮೇಲೆ ಗೋಡೆಯೊಡನೆ ಮಾತಾಡುವ ಹಾಗೆ, ಪತ್ರ ಇಲ್ಲದಿದ್ದರೆ ಇವಳನ್ನು ಮುಂದಿನ ವಾರ ವಿಮಾನ ಹತ್ತಿಸಬೇಕು, ಅಲ್ಲಿ ತಂಗಿಗೆ ನಾನು ಏನು ಹೇಳಲಿ ಎಂದರು. ಅತ್ತೆ ಅವರ ತಟ್ಟೆಗೆ ಇನ್ನೊಂದು ದೋಸೆ ಹಾಕಿದಳು. ಡೈರಿಯಲ್ಲಿ ಆವತ್ತು ಬರೆದದ್ದು ಇಷ್ಟೇ: 'ಎರಡು ಪದ. ಮುಖ್ಯಸ್ಥನ ಮಗಳು. ಇದಕ್ಕಿಂತ ದೊಡ್ಡ ಸುಳ್ಳುಗಳನ್ನು ನನ್ನ ರೆಸ್ಯೂಮೆಯಲ್ಲೇ ಬರೆದಿದ್ದೇನೆ.'

ಬುಧವಾರ, ಎಂಬತ್ತೈದನೆಯ ದಿನ. ಇಂಡಿಯನ್ ಅಂಗಡಿಗಳ ಊರಾದ ಐಸೆಲಿನ್‌ನಿಂದ ಅಕ್ಕಿ, ತೆಂಗಿನಕಾಯಿ, ಬ್ಯಾಡಗಿ ಮೆಣಸು ತಂದು ಅತ್ತೆ ಕೋರಿ ರೊಟ್ಟಿ ಮಾಡಿದ್ದಳು, ಸಂಘದವರ ನಾಲಿಗೆಗೆ ಖಾರ ಮುಕ್ಕಾಲು ಕಡಿಮೆ ಮಾಡಿ. ಗರಿಗರಿ ರೊಟ್ಟಿಯ ಮೇಲೆ ಕೋಳಿಸಾರು ಸುರಿದಾಗ ವಾರೆನ್ ಅದು ಮೆತ್ತಗಾಗುವುದನ್ನು ಆತಂಕದಿಂದ ನೋಡಿದರು. ಆಮೇಲೆ ಮೂರು ಸಲ ಹಾಕಿಸಿಕೊಂಡರು. ಕೋಟಿನ ಒಳಜೇಬಿನಿಂದ ಲಕೋಟೆ ತೆಗೆದು ಮೇಜಿನ ಮೇಲಿಟ್ಟರು. ಅದರಲ್ಲಿ ನನ್ನ ಪತ್ರ, ಸಹಿಯಾಗಿದೆ ಎಂದರು. ಅದರ ಪಕ್ಕದಲ್ಲಿ ದಪ್ಪ ಕಾಗದದ ಮೇಲೆ ಅಚ್ಚು ಹಾಕಿಸಿದ ವಂಶಾವಳಿ, ಕೆಳಗೆ ನನ್ನ ಹೆಸರಿಗೊಂದು ಖಾಲಿ ಗೆರೆ.

ಸಂತೋಷದಲ್ಲಿದ್ದರು. ನಿಮ್ಮಲ್ಲೂ ತಾಯಿಯ ಸಾಲೇ ಅಂತೆ, ನಿಮ್ಮ ಪದ್ಧತಿಯಲ್ಲಾದರೆ ನನಗೆ ಏನೇನು ಬರುತ್ತಿತ್ತು ಎಂದು ಮಾವನನ್ನು ಕೇಳಿದರು. ಮಾವನಿಗೆ ಇದು ಪ್ರಿಯವಾದ ವಿಷಯ. ಕುರ್ಚಿ ಎಳೆದುಕೊಂಡರು.

'ನಿಮಗೆ ಏನೂ ಬರುವುದಿಲ್ಲ. ಬರುವುದು ನಿಮ್ಮ ತಂಗಿಯ ಮಕ್ಕಳಿಗೆ. ತಂಗಿ ಇದ್ದಾಳಾ?'

ಇದ್ದಾಳೆ, ಪೆನ್ಸಿಲ್ವೇನಿಯಾದಲ್ಲಿ, ಅವಳಿಗೊಬ್ಬಳು ಮಗಳು, ತಂಗಿಯೊಡನೆ ಮಾತು ಬಿಟ್ಟು ಹನ್ನೊಂದು ವರ್ಷವಾಯಿತು ಎಂದರು ವಾರೆನ್.

'ಹಾಗಾದರೆ ಮಾರಿಯಾ ಸೇರುವುದು ಆ ಹುಡುಗಿಗೆ. ನೀವು ನೋಡಿಕೊಳ್ಳುವವರು ಮಾತ್ರ. ಅವಳ ಮದುವೆ ನೀವು ಮಾಡಿಸಬೇಕು, ಓದು ಮುಗಿದು ಕೆಲಸವಿಲ್ಲದೆ ಬಂದರೆ ಕೋಣೆ ಕೊಡಬೇಕು, ದಿನಾ ಬೆಳಿಗ್ಗೆ ಅವಳ ಮುಖ ನೋಡಿ ಏನೂ ಕೇಳದೆ ಇರಬೇಕು. ಮಾವ ಆಗುವುದು ಸುಲಭ ಅಲ್ಲ. ನಿಮ್ಮ ಗಂಡುಮಕ್ಕಳು ಇದ್ದಾರಲ್ಲ, ಅವರಿಗೆ ಈ ಸಾಲಿನಲ್ಲಿ ಜಾಗವೇ ಇಲ್ಲ.'

ವಾರೆನ್ ನಕ್ಕರು, ಆದರೆ ಕಾಗದವನ್ನು ನನ್ನ ಕಡೆ ಸ್ವಲ್ಪ ಬೇಗ ಸರಿಸಿದರು. ಪೆನ್ನು ಅವರದೇ, ಭಾರವಾಗಿತ್ತು. ಓದಿದೆ. 'ಲೆನಾಪೆ ಮುಖ್ಯಸ್ಥನ ಮಗಳು ಮಾರಿಯಾ.' ಆ ಪಾದ್ರಿ ಹಾಗೆ ಬರೆದಿರಲಿಲ್ಲ. ಅವಳ ಬಗ್ಗೆ ಇಡೀ ಪ್ರಪಂಚದಲ್ಲಿ ಉಳಿದಿರುವುದು ಒಂದು ಹೆಸರು, ಒಂದು ಬೈಗುಳ. ಈ ಮೂರನೆಯದನ್ನು ಸೇರಿಸಿದರೆ ಆ ಕುರ್ಚಿಯಲ್ಲಿ ಕೂರಬೇಕಾದವರು ಹೊರಗುಳಿಯುತ್ತಾರೆ, ಅದೂ ನನ್ನ ಸಹಿಯಿಂದ. ಬೇಡ ಎನ್ನಬೇಕಿತ್ತು. ಬಾಯಿ ಬರಲಿಲ್ಲ, ಕೈ ಬಂತು. 'ಲೆನಾಪೆ ಮುಖ್ಯಸ್ಥನ ಮಗಳು' ಎಂಬುದರ ಮೇಲೆ ಒಂದು ಗೆರೆ ಎಳೆದು, ಕೆಳಗೆ ಸಹಿ ಮಾಡಿ, ಪೆನ್ನಿನ ಮುಚ್ಚಳ ಹಾಕಿ ಹಿಂದಕ್ಕೆ ಕೊಟ್ಟೆ.

ವಾರೆನ್ ಲಕೋಟೆಯನ್ನು ಎತ್ತಿ ಅಂಚು ಸವರಿ ಕೋಟಿನ ಜೇಬಿಗೆ ಸೇರಿಸಿದರು. ಕೋಳಿಸಾರು ಅದ್ಭುತವಾಗಿದೆ ಎಂದು ಅತ್ತೆಗೆ ಹೇಳಿದರು. ಔತಣದ ದಿನಕ್ಕೆ ಇದನ್ನೇ ಇಡೋಣ ಎಂದರು. ಸಭ್ಯಸ್ಥರು, ಬಾಗಿಲನ್ನೂ ಸದ್ದಾಗದಂತೆ ಮುಚ್ಚಿಕೊಂಡು ಹೋದರು.

ಮಾವ ಬೈಯುತ್ತಾರೆ ಎಂದುಕೊಂಡೆ. ಅವರು ತಟ್ಟೆಗಳನ್ನು ಒಂದರ ಮೇಲೊಂದು ಇಡುತ್ತಾ, ಸೂಟ್‌ಕೇಸಿಗೆ ಇಪ್ಪತ್ತಮೂರು ಕಿಲೋ, ಪುಸ್ತಕಗಳನ್ನು ಕೈಚೀಲದಲ್ಲಿ ಹಾಕಿಕೋ ಎಂದರು. ಅದು ಬೈಗುಳಕ್ಕಿಂತ ಕಷ್ಟವಾಯಿತು.

ಮರುದಿನ ಟ್ರೆಂಟನ್‌ಗೆ ಹೋದೆ. ಸಹಾಯ ಕೇಳಲು ಅಲ್ಲ. ಆ ಮೇಜಿನ ಕುರ್ಚಿಯ ವಿಷಯ ಲೊರೇನ್‌ಗೆ ಗೊತ್ತಾಗಬೇಕು ಎಂದಷ್ಟೇ ಮನಸ್ಸಿನಲ್ಲಿತ್ತು. ಹೇಳಬೇಕಾದ್ದನ್ನು ವ್ಯಾನಿನಲ್ಲಿ ನಾಲ್ಕು ಸಲ ಗಟ್ಟಿಯಾಗಿ ಅಭ್ಯಾಸ ಮಾಡಿದೆ. ಎಂಟು ಹೆಂಗಸರ ಹಾಳೆಯ ಪ್ರತಿ ಕೊಟ್ಟು, ಸಮಿತಿಯವರು ಬರೆದ ಎರಡು ಪತ್ರಗಳ ಗತಿ ಹೇಳಿದೆ, ಗೆರೆ ಎಳೆದದ್ದನ್ನೂ ಹೇಳಿದೆ. ಲೊರೇನ್ ಎಲ್ಲವನ್ನೂ ಕೇಳಿ, ಔತಣ ಎಷ್ಟು ಗಂಟೆಗೆ ಎಂದಳು.

'ಕರೆಯದಿದ್ದರೂ ಹೋಗುತ್ತೇನೆ. ಹೊಸ ಬಂಧುವನ್ನು ನೋಡಬೇಡವೇ? ಬಂಧುವಾದರೆ ತಿಂಗಳ ಮೊದಲ ಶನಿವಾರ ನಮ್ಮ ಸಭೆ ಮುಗಿದ ಮೇಲೆ ಕುರ್ಚಿ ಮಡಚಲು ಬರಲಿ. ಜನ ಸಾಲುವುದಿಲ್ಲ.' ಆಮೇಲೆ, 'ಇದರಿಂದ ನಿನಗೇನಾಯಿತು?' ಎಂದು ಕೇಳಿದಳು.

ಏನೂ ಇಲ್ಲ ಎನ್ನಲು ಹೊರಟವಳು, ನಾಲ್ಕು ದಿನ ಉಳಿದಿದೆ ಎಂದೆ. ಅದಕ್ಕೆ ಅರ್ಥವೇನು ಎಂದು ಕೇಳಿ ಕೇಳಿ ಪೂರ್ತಿ ಬಾಯಿ ಬಿಡಿಸಿದಳು. ಮಾತು ಕೊಡಲಿಲ್ಲ. ಶನಿವಾರ ದಕ್ಷಿಣ ಜರ್ಸಿಗೆ ಬಾ, ಹಿರಿಯರು ಇರುತ್ತಾರೆ, ನಮ್ಮ ಕಾಗದಪತ್ರದ ಕೆಲಸ ನಿನಗೆ ಕೊಡಲು ಅವರು ಒಪ್ಪಬೇಕು ಎಂದು ಮಾತ್ರ ಹೇಳಿ ವಿಳಾಸ ಬರೆದುಕೊಟ್ಟಳು.

ಶನಿವಾರ, ಎಂಬತ್ತೆಂಟನೆಯ ದಿನ. ಎರಡು ಗಂಟೆಯ ದಾರಿ, ಜೋಳದ ಹೊಲ, ಪೆಟ್ರೋಲ್ ಬಂಕು, ಮತ್ತೆ ಜೋಳದ ಹೊಲ. ಚರ್ಚಿನ ನೆಲಮಾಳಿಗೆಯಲ್ಲಿ ಮೂವರು ಹಿರಿಯ ಹೆಂಗಸರು ಕಾಫಿ ಕುಡಿಯುತ್ತಾ ಯಾರದೋ ಸೊಸೆಯನ್ನು ಹರಿದು ತಿನ್ನುತ್ತಿದ್ದರು. ಗೋಡೆಗೊರಗಿ ರಟ್ಟಿನ ಪೆಟ್ಟಿಗೆಗಳ ರಾಶಿ. ಸಮುದಾಯದವರ ಜನನ, ಮರಣ, ಮದುವೆ, ಜಮೀನಿನ ಕಾಗದಗಳಂತೆ, ನಲವತ್ತಮೂರು ಪೆಟ್ಟಿಗೆ. ಸರ್ಕಾರದವರು ನೀವು ನೀವೇ ಎಂಬುದಕ್ಕೆ ಪುರಾವೆ ಏನು ಎಂದು ಕೇಳಿದಾಗಲೆಲ್ಲ ಅವನ್ನು ಬಿಚ್ಚುವುದು, ಮತ್ತೆ ಹಾಗೆಯೇ ತುರುಕುವುದು. ಕೆಲವಕ್ಕೆ ಬೂಷ್ಟು ಹಿಡಿದಿತ್ತು. ನನ್ನ ಕಾಲು ತಾನಾಗಿ ಅತ್ತ ಹೋಯಿತು. ಒಂದು ಪೆಟ್ಟಿಗೆಯ ಮುಚ್ಚಳ ಎತ್ತಿ, ಇದರಲ್ಲಿನ ಕ್ಲಿಪ್‌ಗಳನ್ನೆಲ್ಲ ಈಗಲೇ ತೆಗೆಯಬೇಕು, ತುಕ್ಕು ಕಾಗದಕ್ಕೆ ಇಳಿಯುತ್ತಿದೆ ಎಂದೆ. ಯಾರೂ ಕೇಳಿರಲಿಲ್ಲ.

ಮೂವರಲ್ಲಿ ಹಿರಿಯಳಾದ ಎಡ್ನಾಗೆ ಎಂಬತ್ತರ ಮೇಲೆ. ಬಾ ಇಲ್ಲಿ ಎಂದು ಕರೆದು, ಡಿಗ್ರಿಯನ್ನೂ ಕೇಳಲಿಲ್ಲ, ದೇಶವನ್ನೂ ಕೇಳಲಿಲ್ಲ. 'ನೀನು ಯಾರ ಮಗಳು?' ಎಂದಳು.

'ಸುಗಂಧಿಯ ಮಗಳು.'

'ಅವಳು?'

'ಅಪ್ಪಿಯ ಮಗಳು. ಅಪ್ಪಿ ದೇಯಿಯ ಮಗಳು.'

'ದೇಯಿ?'

ಅಲ್ಲಿ ನಿಂತೆ. ಯಾರದೋ ಮನೆಯ ಎಂಟು ಹೆಂಗಸರನ್ನು ಹಸುವಿನ ಬಾಲ ಹಿಡಿದು ಪತ್ತೆ ಮಾಡಿದವಳಿಗೆ ಸ್ವಂತ ನಾಲ್ಕನೆಯವಳು ಗೊತ್ತಿರಲಿಲ್ಲ. ಮೂವರೂ ಕಾಯುತ್ತಿದ್ದರು. ಲೊರೇನ್ ಫೋನ್ ಕಾರ್ಡ್ ಮುಂದಿಟ್ಟಳು. ಊರಿನಲ್ಲಿ ಆಗ ರಾತ್ರಿ ಊಟದ ಹೊತ್ತು. ಅಮ್ಮ ಎತ್ತಿದಳು, ಪತ್ರ ಸಿಕ್ಕಿತಾ ಎಂದಳು. ದೇಯಿ ಅಜ್ಜಿಯ ಅಮ್ಮನ ಹೆಸರೇನು ಎಂದು ಕೇಳಿದೆ.

'ಅಯ್ಯೋ, ಈಗ ಎಂತಕ್ಕೆ ಅದು? ಎಲ್ಲರೂ ಮುದುಕಿ ಅಂತಲೇ ಕರೀತಿದ್ದದ್ದು. ಕೆಂಪಿ ಇರಬೇಕು.' ಪಾತ್ರೆಯ ಸದ್ದು. 'ಅಲ್ಲ, ಕೆಂಪಿ ನಮ್ಮ ದನ.'

ಸುಳ್ಳು ಹೇಳಬಹುದಿತ್ತು. ಕೆಂಪಿ ಎಂದರೆ ಇಲ್ಲಿ ಯಾರಿಗೆ ತಿಳಿಯುತ್ತದೆ? ಆದರೆ ಆ ವಾರ ನನಗೆ ಒಂದು ಚಟ ಹತ್ತಿತ್ತು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ, ನೆನಪಿರುವುದು ದನದ ಹೆಸರು ಮಾತ್ರ ಎಂದು. ಎಡ್ನಾ ಕಾಫಿ ಚೆಲ್ಲುವಷ್ಟು ನಕ್ಕಳು. ಪಕ್ಕದವಳು, ನಮ್ಮ ಪುಸ್ತಕದಲ್ಲೂ ಅಂಥ ಒಂದು ನಾಯಿ ಇದೆ, ಇಪ್ಪತ್ತು ವರ್ಷ ಅದನ್ನು ಚಿಕ್ಕಪ್ಪ ಎಂದುಕೊಂಡಿದ್ದೆವು ಎಂದಳು.

ಲೊರೇನ್ ಲ್ಯಾಪ್‌ಟಾಪ್ ತೆರೆದು ಪತ್ರ ಟೈಪ್ ಮಾಡಿದಳು. ವಾರಕ್ಕೆ ಇಪ್ಪತ್ತನಾಲ್ಕು ಗಂಟೆ, ಸೋಮವಾರದಿಂದ, ಸಮುದಾಯದ ದಾಖಲೆಗಳನ್ನು ವಿಂಗಡಿಸಿ ಸಂರಕ್ಷಿಸುವ ಕೆಲಸ. ನನ್ನ ವೀಸಾ, ಪಾಸ್‌ಪೋರ್ಟ್, ವಿಶ್ವವಿದ್ಯಾಲಯದ ಕಾಗದ, ಎಲ್ಲದರ ಪ್ರತಿ ತೆಗೆದುಕೊಂಡು ಒಂದೊಂದನ್ನೂ ದೀಪಕ್ಕೆ ಹಿಡಿದು ನೋಡಿದಳು. ಇಷ್ಟೊಂದು ಬೇಕಾ ಎಂದು ಮೆಲ್ಲಗೆ ಕೇಳಿದೆ.

'ಹಿಂದೊಮ್ಮೆ ಸಮುದ್ರ ದಾಟಿ ಬಂದವರಿಗೆ ಇರಿ ಎಂದಾಗ ನಾವು ಯಾವ ಕಾಗದವನ್ನೂ ನೋಡಿರಲಿಲ್ಲ,' ಎಂದಳು ಲೊರೇನ್. 'ಕೂತುಕೋ. ಇನ್ನೊಂದು ಪ್ರತಿ ಬೇಕು.'

ಸೋಮವಾರ, ತೊಂಬತ್ತನೆಯ ದಿನ, ಬೆಳಿಗ್ಗೆ ಒಂಬತ್ತಕ್ಕೆ ಆ ನೆಲಮಾಳಿಗೆಯ ಫ್ಯಾಕ್ಸ್‌ನಿಂದಲೇ ಪತ್ರ ಕಳಿಸಿ ಮೊದಲ ಪೆಟ್ಟಿಗೆ ಬಿಚ್ಚಿದೆ. ಒಳಗೆ ಇಲಿಯ ಗೂಡಿತ್ತು, ಪಾಪ, ಅಚ್ಚುಕಟ್ಟಾಗಿ 1911ರ ರಸೀದಿಗಳಿಂದ ಕಟ್ಟಿದ್ದು. ಎಡ್ನಾ ಪಕ್ಕದಲ್ಲಿ ಕುಳಿತು ಫೋಟೋಗಳಲ್ಲಿದ್ದವರ ಹೆಸರು ಹೇಳುತ್ತಿದ್ದಳು, ನಾನು ಹಿಂಬದಿಗೆ ಪೆನ್ಸಿಲಿನಲ್ಲಿ ಬರೆಯುತ್ತಿದ್ದೆ. ಹನ್ನೊಂದಕ್ಕೆ ವಿಶ್ವವಿದ್ಯಾಲಯದಿಂದ ಒಬ್ಬ ಹುಡುಗಿಯ ಫೋನ್ ಬಂತು. ಎಲ್ಲ ಸರಿಯಿದೆ, ಒಂದು ಕಾಲಂ ಖಾಲಿ, ಈ ಸಂಸ್ಥೆ ಸ್ಥಾಪನೆಯಾದ ವರ್ಷ ಯಾವುದು ಎಂದಳು. ಕಾಲಂ ತುಂಬದಿದ್ದರೆ ಮುಂದಕ್ಕೆ ಹೋಗುವುದಿಲ್ಲವಂತೆ. ನಾನು ಫೋನಿಗೆ ಕೈ ಅಡ್ಡ ಹಿಡಿದು ಎಡ್ನಾಳನ್ನು ಕೇಳಿದೆ.

ಎಡ್ನಾ ಫೋಟೋದಿಂದ ತಲೆ ಎತ್ತಲಿಲ್ಲ. 'ಎಷ್ಟು ಅಂಕಿ ಹಿಡಿಸುತ್ತದೆ ಕೇಳು.'

ಕೇಳಿದೆ. ನಾಲ್ಕು ಎಂದಳು ಹುಡುಗಿ.

'ಸೊನ್ನೆ, ಸೊನ್ನೆ, ಸೊನ್ನೆ, ಒಂದು,' ಎಂದಳು ಎಡ್ನಾ.

ನಾನು ಹಾಗೆಯೇ ಹೇಳಿದೆ, ಗಂಟಲು ಸರಿಮಾಡಿಕೊಂಡು, ಒಂದೊಂದೇ ಅಂಕಿ. ಆಚೆ ಕಡೆ ಟೈಪ್ ಮಾಡುವ ಸದ್ದು. ಸಿಸ್ಟಮ್ ತೆಗೆದುಕೊಂಡಿದೆ ಎಂದಳು ಹುಡುಗಿ.